ಬೋರ್ಡಿಗೆ ತಾಗಿದ್ದೋ ಇಲ್ಲವೋ

ಕೊಪ್ಪದ ಬಸ್ ನಿಲ್ದಾಣದ ಎದುರು ಒಂದು ವಿಡಿಯೊ ಕ್ಯಾಸೆಟ್ ಅಂಗಡಿ ಇತ್ತು. ಅಲ್ಲಿ ಇಬ್ಬರು ಗೆಳೆಯರು ವರ್ಷಗಟ್ಟಲೆ ಒಂದೇ ಜಗಳ ಆಡುತ್ತಿದ್ದರು. ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರನೊಬ್ಬ ತನ್ನ ಕೊನೆಯ ಪಂದ್ಯದಲ್ಲಿ ಎಸೆದ ಚೆಂಡು ಬುಟ್ಟಿಯ ಹಿಂದಿನ ಬೋರ್ಡಿಗೆ ತಾಗಿ ಒಳಗೆ ಬಿತ್ತೋ, ತಾಗದೆ ನೇರವಾಗಿ ಬಿತ್ತೋ ಎಂಬುದು ಜಗಳದ ವಿಷಯ. ಎರಡು ಸಾವಿರದ ದಶಕದ ಮೊದಲ ವರ್ಷಗಳಲ್ಲಿ ನಾನು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲ್ಲೂಕಿಗೆ ಒಂದು ದಿನಪತ್ರಿಕೆಯ ವರದಿಗಾರನಾಗಿದ್ದೆ. ಮಧ್ಯಾಹ್ನದ ಬಸ್ಸಿನಲ್ಲಿ ಸುದ್ದಿಯ ಕವರ್ ಕಳಿಸಬೇಕಿತ್ತು. ಬಸ್ ಬರುವವರೆಗೆ ಆ ಅಂಗಡಿಯ ಸ್ಟೂಲಿನ ಮೇಲೆ ಕೂರುತ್ತಿದ್ದೆ. ಹಾಗಾಗಿ ಆ ಜಗಳಕ್ಕೆ ನಾನು ಕಾಯಂ ಸಾಕ್ಷಿ.

ಅಂಗಡಿಯವನು ಆರಡಿ ದಾಟಿದ ಆಳು. ಎಂಬತ್ತರ ದಶಕದಲ್ಲಿ ಕೊಪ್ಪದ ತಂಡಕ್ಕೆ ಆಡಿದವನು. ಬೆಂಗಳೂರಿನ ಬ್ಯಾಂಕೊಂದರ ತಂಡದವರು ಇವನ ಆಟ ನೋಡಿ ಆಯ್ಕೆಗೆ ಬಾ ಎಂದು ಕರೆದಿದ್ದರು. ಆಯ್ಕೆಯಾದರೆ ಆಟದ ಜೊತೆ ಕೆಲಸವೂ ಸಿಗುತ್ತಿತ್ತು. ಹೋಗುವ ಮೊದಲು ನರಸಿಂಹರಾಜಪುರದಲ್ಲಿ ಆಡಿದ ಒಂದು ಪಂದ್ಯದಲ್ಲಿ ಮಂಡಿ ತಿರುಚಿಕೊಂಡಿತು. ಆ ಕಾಲಕ್ಕೆ ಮಂಡಿಯ ಆಪರೇಷನ್ ಎಂದರೆ ಇಲ್ಲಿಯವರಿಗೆ ಕೇಳಿ ಗೊತ್ತಿದ್ದ ವಿಷಯ ಅಷ್ಟೆ. ಅವನು ಕ್ಯಾಸೆಟ್ ಅಂಗಡಿ ಇಟ್ಟ. ಅಕ್ಟೋಬರ್ ಬಂದ ಮೇಲೆ ಸಂಜೆ ಹೊತ್ತು ಕಾಲೇಜಿನ ಹುಡುಗ ಹುಡುಗಿಯರಿಗೆ ಆಟ ಹೇಳಿಕೊಡುತ್ತಿದ್ದ, ಕುಂಟುತ್ತಲೇ.

ಇನ್ನೊಬ್ಬ ಮೇಗುಂದದವನು. ಅವನನ್ನು ಎಲ್ಲರೂ ಕರೆಯುತ್ತಿದ್ದುದೇ ಹಾಗೆ, ಊರಿನ ಹೆಸರಿನಿಂದ. ಅಡಿಕೆ ಬೆಳೆಗಾರ. ಅದೇ ಕೊಪ್ಪದ ತಂಡದಲ್ಲಿ ಹೆಚ್ಚಾಗಿ ಬೆಂಚಿನ ಮೇಲೆ ಕೂತಿದ್ದವನು. ಗೊಬ್ಬರಕ್ಕೆಂದೋ ಜೀಪಿನ ರಿಪೇರಿಗೆಂದೋ ಕೊಪ್ಪಕ್ಕೆ ಬಂದರೆ ಜೀಪು ತಾನಾಗಿಯೇ ಕ್ಯಾಸೆಟ್ ಅಂಗಡಿಯ ಮುಂದೆ ನಿಲ್ಲುತ್ತಿತ್ತು.

ನಮ್ಮಲ್ಲಿ ಬಾಸ್ಕೆಟ್‌ಬಾಲ್ ಅರ್ಧ ವರ್ಷದ ಆಟ. ಜೂನ್ ತಿಂಗಳಲ್ಲಿ ಮಳೆ ಹಿಡಿದರೆ ಸಿಮೆಂಟಿನ ಅಂಕಣಕ್ಕೆ ಪಾಚಿ ಹತ್ತುತ್ತದೆ. ಅದರ ಮೇಲೆ ನಡೆಯುವುದೂ ಕಷ್ಟ. ಮಳೆ ಬಿಟ್ಟ ಮೇಲೆ ಆಟಗಾರರೇ ಸಲಿಕೆ ಹಿಡಿದು ಪಾಚಿ ಹೆರೆದು, ಸುಣ್ಣದ ಗೆರೆ ಎಳೆಯಬೇಕು. ಅಲ್ಲಿಯವರೆಗೆ ಆಟವೆಲ್ಲ ಕ್ಯಾಸೆಟ್ ಅಂಗಡಿಯ ಟಿವಿಯಲ್ಲಿ. ತೊಂಬತ್ತರ ದಶಕದಲ್ಲಿ ಕೇಬಲ್ ಬಂದಾಗ ಅಮೆರಿಕದ ವೃತ್ತಿಪರ ಪಂದ್ಯಗಳು ಬೆಳಗಿನ ಹೊತ್ತು ಬರುತ್ತಿದ್ದವು. ಅಂಗಡಿಯವನು ಎದ್ದು ಅವನ್ನು ವಿಸಿಆರ್‌ನಲ್ಲಿ ಹಿಡಿದಿಟ್ಟಿದ್ದ. ಸಿನಿಮಾ ಕ್ಯಾಸೆಟ್‌ಗಳ ಹಿಂದೆ ಒಂದು ಇಡೀ ಸಾಲು ಅವೇ ಇದ್ದವು. ಬಾಡಿಗೆಗೆ ಕೊಡುತ್ತಿರಲಿಲ್ಲ.

ತೊಂದರೆ ಏನೆಂದರೆ ಅವರ ದೊಡ್ಡ ಪಂದ್ಯಗಳು ನಡೆಯುವುದು ಜೂನ್‌ನಲ್ಲಿ. ನಮ್ಮ ಕರೆಂಟು ಕೈಕೊಡುವುದೂ ಜೂನ್‌ನಲ್ಲೇ. ಫೈನಲ್ ಇರುವ ದಿನ ಅವನು ಕರೆಂಟ್ ಆಫೀಸಿಗೆ ಫೋನ್ ಮಾಡಿ, "ಒಂಬತ್ತು ಗಂಟೆ ತನಕ ತೆಗೀಬೇಡಿ ಮಾರಾಯ್ರೆ, ಆಮೇಲೆ ಬೇಕಾರೆ ವಾರ ತೆಗೀರಿ" ಎಂದು ಕೇಳಿಕೊಳ್ಳುತ್ತಿದ್ದನಂತೆ. ಲೈನಿನ ಮೇಲೆ ಮರ ಬೀಳುವುದು ಆಫೀಸಿನವರ ಕೈಯಲ್ಲಿ ಇರಲಿಲ್ಲ. ಎಷ್ಟೋ ಕ್ಯಾಸೆಟ್‌ಗಳಲ್ಲಿ ಆಟ ಅರ್ಧಕ್ಕೆ ನಿಂತು, ಮುಂದೆ ಬೇರೆ ಯಾವುದೋ ದಿನದ ಆಟ ಶುರುವಾಗುತ್ತಿತ್ತು.

ಆಟಗಾರರ ಹೆಸರುಗಳು ನಾಲಿಗೆಗೆ ಒಗ್ಗುತ್ತಿರಲಿಲ್ಲ. ಅದಕ್ಕೆ ಅಂಗಡಿಯಲ್ಲಿ ಬೇರೆ ಹೆಸರುಗಳಿದ್ದವು. ಎತ್ತರಕ್ಕೆ ಹಾರಿ ಗಾಳಿಯಲ್ಲೇ ಒಂದು ಕ್ಷಣ ನಿಂತು ಚೆಂಡನ್ನು ಬುಟ್ಟಿಗೆ ತುರುಕುತ್ತಿದ್ದವನು ಕೊನೆಗಾರ. ಮರ ಹತ್ತಿ ಅಡಿಕೆ ಗೊನೆ ಇಳಿಸಿ, ಕೆಳಗಿಳಿಯದೆ ಒಂದು ಮರದಿಂದ ಇನ್ನೊಂದಕ್ಕೆ ಜೀಕಿ ದಾಟುವ ಕೊನೆಗಾರರನ್ನು ನೋಡಿದವರಿಗೆ ಆ ಹೆಸರು ಬೇರೆ ಹೇಳಿಕೊಡಬೇಕಾಗಿಲ್ಲ. ನೆಲ ಬಿಡದೆಯೇ ಬುಟ್ಟಿಗೆ ಕೈ ಎಟುಕಿಸುತ್ತಿದ್ದ ಎತ್ತರದವನು ದೋಟಿ, ತೋಟದಲ್ಲಿ ಕಾಯಿ ಕೊಯ್ಯುವ ಉದ್ದ ಗಳುವಿನ ಹೆಸರು. ಒಂದು ಕಡೆ ಮುಖ ಮಾಡಿ ಇನ್ನೊಂದು ಕಡೆಯವನಿಗೆ ಚೆಂಡು ಕೊಡುತ್ತಿದ್ದವನು ಕಂಡಕ್ಟರ್. ತುಂಬಿದ ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಕೊಡುವುದು ಹಾಗೆಯೇ. ಇವರೆಲ್ಲ ಹಳಬರು, ಅಂಗಡಿಯವನ ಪಕ್ಷ. ಹೊಸ ಕಾಲದ ದಢೂತಿ ಆಟಗಾರನೊಬ್ಬನಿಗೆ ಬುಲ್ಡೋಜರ್ ಎಂದು ಹೆಸರು. ಅವನು ಮೇಗುಂದದವನ ಪಕ್ಷ.

"ನಿನ್ನ ಕೊನೆಗಾರ ಈಗ ಆಡ್ಲಿ ನೋಡುವ. ಬುಲ್ಡೋಜರ್ ಎದುರು ಪಂಚೆ ಎತ್ಕೊಂಡು ಓಡ್ತಾನೆ" ಎನ್ನುತ್ತಿದ್ದ ಮೇಗುಂದದವನು.

"ಬುಲ್ಡೋಜರ್‌ಗೆ ತಳ್ಳೋದು ಬಿಟ್ಟು ಇನ್ನೆಂತ ಬರ್ತದೆ? ನಿನ್ನ ಜೀಪು ಹೂತರೆ ಕರಿ ಅವನನ್ನ."

"ಕರೀತೀನಿ. ನಿನ್ನ ದೋಟಿಯನ್ನ ತೋಟಕ್ಕೆ ಕಳಿಸು, ಆಳು ಸಿಗ್ತಿಲ್ಲ."

ಒಮ್ಮೆ ಭಜನೆ ಕ್ಯಾಸೆಟ್ ಕೇಳಿಕೊಂಡು ಬಂದಿದ್ದ ವಯಸ್ಸಾದ ಹೆಂಗಸೊಬ್ಬರು ಸ್ವಲ್ಪ ಹೊತ್ತು ಟಿವಿ ನೋಡುತ್ತ ನಿಂತರು.

"ಇಷ್ಟು ದೊಡ್ಡ ಗಂಡಸರು, ಇವರಿಗೆ ಮನೇಲಿ ಕೆಲಸ ಇಲ್ವನಾ?" ಎಂದು ಕೇಳಿದರು.

"ಇದೇ ಕೆಲಸ ಅಮ್ಮ. ಸಂಬಳ ಉಂಟು ಅವರಿಗೆ" ಎಂದ ಅಂಗಡಿಯವನು.

"ಹಂಗಾರೆ ಆಡ್ಲಿ ಬಿಡು" ಎಂದು ಅವರು ಕ್ಯಾಸೆಟ್ ತೆಗೆದುಕೊಂಡು ಹೋದರು. ಮೇಗುಂದದವನು ನಕ್ಕ. ಅಂಗಡಿಯವನು ನಗಲಿಲ್ಲ ಎಂಬುದನ್ನು ನಾನು ಗಮನಿಸಿದೆ. ಅವನ ಹಳಬರೆಲ್ಲ ಅವನ ವಯಸ್ಸಿನ ಆಚೀಚಿನವರು. ಇವನ ಮಂಡಿ ಹೋದ ಮೇಲೆ ಇವನು ಆಡಿದ್ದೆಲ್ಲ ಅವರ ಕಾಲುಗಳಲ್ಲಿ. ಅವರು ಒಬ್ಬೊಬ್ಬರಾಗಿ ಆಟ ಬಿಟ್ಟಾಗ ಇವನು ಎರಡನೇ ಸಲ ಬಿಟ್ಟ.

ಇನ್ನು ಜಗಳದ ಮೂಲ, ಕೊನೆಗಾರನ ಆ ಕೊನೆಯ ಪಂದ್ಯದ ಕ್ಯಾಸೆಟ್. ಆಟ ಮುಗಿಯಲು ಕೆಲವೇ ಕ್ಷಣ ಇರುವಾಗ ಕೊನೆಗಾರ ಎಡ ಮೂಲೆಯಿಂದ ನುಗ್ಗಿ, ಇಬ್ಬರ ನಡುವೆ ಮೇಲೆದ್ದು ಚೆಂಡು ಬಿಡುತ್ತಾನೆ. ಸರಿಯಾಗಿ ಅಲ್ಲಿ ಕೊಪ್ಪದಲ್ಲಿ ವೋಲ್ಟೇಜ್ ಇಳಿದಿದೆ. ಚಿತ್ರ ಕುಗ್ಗಿ, ನಡುಗಿ, ಒಂದು ಬಿಳಿ ಪಟ್ಟಿ ಪರದೆಯ ಮೇಲಿನಿಂದ ಕೆಳಗೆ ಹರಿಯುತ್ತದೆ. ಪಟ್ಟಿ ಸರಿದಾಗ ಚೆಂಡು ಬಲೆಯೊಳಗೆ ಇದೆ. ಮತ್ತೆ ಒಮ್ಮೆ ನಿಧಾನವಾಗಿ ತೋರಿಸುವ ಮೊದಲೇ ಕರೆಂಟು ಪೂರ್ತಿ ಹೋಗಿದೆ. ಹೋದದ್ದು ಇಡೀ ದಿನ ಬರಲಿಲ್ಲವಂತೆ.

ಆ ಬಿಳಿ ಪಟ್ಟಿಯ ಹಿಂದೆ ಏನಾಯಿತು ಎಂಬುದೇ ಜಗಳ. ಅಂಗಡಿಯವನು ರಿವೈಂಡ್ ಮಾಡುತ್ತಿದ್ದ, ಹಾಕುತ್ತಿದ್ದ, ಮತ್ತೆ ರಿವೈಂಡ್ ಮಾಡುತ್ತಿದ್ದ.

"ನೋಡು, ತಾಗ್ತು. ಬೋರ್ಡಿಗೆ ತಾಗ್ತು" ಎನ್ನುತ್ತಿದ್ದ ಮೇಗುಂದದವನು.

"ಎಲ್ಲಿ ತಾಗ್ತು? ನಿನ್ನ ತಲೆಗೆ ತಾಗ್ತು. ನೇರ ಬಿದ್ದದ್ದು ಅದು."

"ಆ ಮೂಲೆಯಿಂದ ಬೋರ್ಡಿಗೆ ತಾಗದೆ ಬೀಳ್ತದನಾ ಮಾರಾಯ? ನೀನೂ ಆಡಿದವನೇ ಅಲ್ವ?"

"ನಾನು ಆಡಿದವ. ನೀನು ಬೆಂಚಲ್ಲಿ ಕೂತು ಅವಲಕ್ಕಿ ತಿಂದವ."

"ಆ ಅವಲಕ್ಕಿ ತಂದವ ಯಾರು, ನಿನ್ನಜ್ಜನಾ?"

ನನ್ನ ಕಡೆ ತಿರುಗಿ, "ಪೇಪರಿನೋರು ಹೇಳಿ" ಎನ್ನುತ್ತಿದ್ದರು. ಕಾಣದ್ದನ್ನು ಕಂಡೆ ಎನ್ನುವುದು ನನ್ನ ಕೆಲಸದಲ್ಲಿ ಇಲ್ಲ. ಹಾಗೆಂದರೆ ಇಬ್ಬರೂ ಸೇರಿ ನನ್ನನ್ನು ಬೈಯುತ್ತಿದ್ದರು.

ಸಿಡಿ ಬಂದ ಮೇಲೆ ಕ್ಯಾಸೆಟ್ ಕೇಳುವವರು ಕಡಿಮೆಯಾದರು. ಆಮೇಲೆ ಇಲ್ಲವೇ ಆದರು. ಅಂಗಡಿಯವನ ಹೆಂಡತಿ ಜೆರಾಕ್ಸ್ ಮೆಷಿನ್ ಇಡಲು ಹೇಳುತ್ತಿದ್ದಳು. ನಾನೂ ಒಂದು ದಿನ, ಯಾಕೆ ಇದನ್ನು ಇಟ್ಟುಕೊಂಡಿದ್ದೀರಿ ಎಂದು ಕೇಳಿದೆ. ಅವನು ಟಿವಿಯ ಮೇಲಿನ ಧೂಳು ಒರೆಸುತ್ತಿದ್ದ.

"ಮೇಗುಂದದಿಂದ ಅವ ಬಂದು ಜಗಳ ಆಡ್ತಾನಲ್ಲ, ಅದಕ್ಕೇ ಬಾಗಿಲು ತೆಗಿಯೋದು. ಬೇರೆಂತ ಉಂಟು?" ಎಂದ.

ತಮಾಷೆಗೆ ಹೇಳಿದ ಮಾತಲ್ಲ ಅದು.

ಆ ವರ್ಷದ ಮಳೆಗಾಲದಲ್ಲಿ ಕ್ಯಾಸೆಟ್‌ಗಳಿಗೆ ಬೂಷ್ಟು ಹಿಡಿಯಿತು. ಕಿಟಕಿಯಂಥ ಪ್ಲಾಸ್ಟಿಕ್ಕಿನೊಳಗೆ ಟೇಪಿನ ಅಂಚಿಗೆ ಬಿಳಿ ಪುಡಿ ಕಾಣಿಸಿತು. ಶೃಂಗೇರಿಯ ಒಬ್ಬ ಸ್ಟುಡಿಯೊದವನು ಹಳೆಯ ಮದುವೆ ಕ್ಯಾಸೆಟ್‌ಗಳನ್ನು ಸಿಡಿಗೆ ಹಾಕಿಕೊಡುತ್ತಿದ್ದ. ಇಬ್ಬರೂ ಕ್ಯಾಸೆಟ್‌ಗಳನ್ನು ಜೀಪಿಗೆ ಹಾಕಿಕೊಂಡು ಅಲ್ಲಿಗೆ ಹೋದರು. ಅವನು ಒಂದನ್ನು ಎತ್ತಿ ಬೆಳಕಿಗೆ ಹಿಡಿದು ಹಿಂದಕ್ಕೆ ಕೊಟ್ಟನಂತೆ. ಥಂಡಿ ಇರುವ ಟೇಪು ಹಾಕಿದರೆ ತನ್ನ ಮೆಷಿನ್ ಹಾಳಾಗುತ್ತದೆ, ಪೂರ್ತಿ ಒಣಗಿಸಿ ತನ್ನಿ ಎಂದನಂತೆ.

ಸೆಪ್ಟೆಂಬರ್. ಬಿಸಿಲು ಇರಲಿಲ್ಲ. ಬಿಸಿಲಿಲ್ಲದಾಗ ಒಣಗಿಸುವುದು ಹೇಗೆ ಎಂದು ಮಲೆನಾಡಿನವರಿಗೆ ಯಾರೂ ಕಲಿಸಬೇಕಾಗಿಲ್ಲ. ಮೊದಲ ಕೊಯ್ಲಿನ ಅಡಿಕೆ ಬೇಯಿಸಿ ಒಣಗಿಸಲು ಮೇಗುಂದದವನ ಮನೆಯ ಹಿಂದೆ ಡ್ರೈಯರ್ ಇತ್ತು: ಕೆಳಗೆ ಕಟ್ಟಿಗೆಯ ಬೆಂಕಿ, ಅದರ ಬಿಸಿ ಹೋಗಲು ತಗಡಿನ ಕೊಳವೆ, ಮೇಲೆ ಬಿದಿರಿನ ತಟ್ಟಿ. ಆ ಕಾಲದಲ್ಲಿ ಡ್ರೈಯರಿಗೆ ಬರೀ ಅಡಿಕೆ ಹೋಗುತ್ತಿರಲಿಲ್ಲ. ಮಕ್ಕಳ ಯೂನಿಫಾರ್ಮು, ಶಾಲೆಯ ಸರ್ಟಿಫಿಕೇಟು, ನೆನೆದ ಚಪ್ಪಲಿ, ಕೆಟ್ಟ ರೇಡಿಯೊ ಎಲ್ಲ ಹೋಗುತ್ತಿತ್ತು. ಅವನ ರೇಡಿಯೊ ಒಮ್ಮೆ ಹಾಗೆಯೇ ಸರಿಯಾಗಿತ್ತು. ಅದನ್ನು ಅವನು ಎಲ್ಲರಿಗೂ ಹೇಳಿಕೊಂಡಿದ್ದ.

"ಡ್ರೈಯರಿಗೆ ಹಾಕುವ ಮಾರಾಯ. ಮೇಲಿನ ತಟ್ಟಿಯಲ್ಲಿ ಮೂಲೆಗೆ ಇಟ್ರೆ ಬರೀ ಬೆಚ್ಚಗೆ. ಬೆಳಿಗ್ಗೆ ತೆಗೆದ್ರೆ ಹೊಸ ಕ್ಯಾಸೆಟ್ಟು" ಎಂದ ಮೇಗುಂದದವನು.

ಆಗ ನಾನು ಅಂಗಡಿಯಲ್ಲೇ ಇದ್ದೆ. ನನಗೂ ಅದು ಸರಿ ಅನ್ನಿಸಿತು. ನಮ್ಮ ಮನೆಯಲ್ಲೂ ಮಳೆಗಾಲದಲ್ಲಿ ಬೆಂಕಿಪೊಟ್ಟಣದಿಂದ ಹಿಡಿದು ಪುಸ್ತಕದವರೆಗೆ ಎಲ್ಲವನ್ನೂ ಒಲೆಯ ಮೇಲಿನ ಅಟ್ಟದಲ್ಲೇ ಇಡುತ್ತಿದ್ದೆವು. ಅಂಗಡಿಯವನು ಮಾತ್ರ, "ಬಿಸಿ ಹೆಚ್ಚಾದ್ರೆ?" ಎಂದು ಒಮ್ಮೆ ಕೇಳಿದ.

"ಅಡಿಕೆ ತಡೀತದೆ, ನಿನ್ನ ಕೊನೆಗಾರ ತಡಿಯೋದಿಲ್ವನಾ?" ಎಂದ ಗೆಳೆಯ. ಈ ಪ್ರಶ್ನೆಗೆ ಅಂಗಡಿಯವನ ಹತ್ತಿರ ಒಂದೇ ಉತ್ತರ ಇರಲು ಸಾಧ್ಯವಿತ್ತು. ಕ್ಯಾಸೆಟ್‌ಗಳನ್ನು ಅವನೇ ಒಂದೊಂದಾಗಿ ಒರೆಸಿ ಗೋಣಿಚೀಲಕ್ಕೆ ತುಂಬಿಕೊಟ್ಟ.

ಮರುದಿನ ಬೆಳಿಗ್ಗೆ ಅಡಿಕೆಯ ಕೊಳೆರೋಗದ ವರದಿಗೆಂದು ನನಗೆ ಮೇಗುಂದಕ್ಕೆ ಹೋಗುವುದಿತ್ತು. ಅಂಗಡಿಯವನೂ ಅದೇ ಬಸ್ಸಿಗೆ ಹತ್ತಿದ. ದಾರಿಯುದ್ದಕ್ಕೂ ಸಿಡಿಗೆ ಯಾವುದನ್ನು ಮೊದಲು ಹಾಕಿಸಬೇಕು ಎಂದು ಹೇಳುತ್ತಿದ್ದ. ಕೊನೆಯ ಪಂದ್ಯವೇ ಮೊದಲು.

ನಾವು ಹೋದಾಗ ಮೇಗುಂದದವನು ಡ್ರೈಯರಿನ ಬಾಗಿಲಲ್ಲಿ ನಿಂತಿದ್ದ. ಒಳಗೆ ಬನ್ನಿ ಎನ್ನಲಿಲ್ಲ. ಕೆಲಸದವರು ಅಡಿಕೆಗೆ ಎಷ್ಟು ಬೇಕೋ ಅಷ್ಟು ಬೆಂಕಿ ಹಾಕಿದ್ದರು. ಅದು ಅವರ ಕೆಲಸ, ಅವರು ಸರಿಯಾಗಿಯೇ ಮಾಡಿದ್ದರು. ಮೇಲಿನ ತಟ್ಟಿಯ ಮೂಲೆಯಲ್ಲಿ ಕ್ಯಾಸೆಟ್‌ಗಳು ಕರಿದ ಹಪ್ಪಳದ ಹಾಗೆ ಸೊಟ್ಟಗಾಗಿದ್ದವು. ಕೆಲವು ಒಂದಕ್ಕೊಂದು ಅಂಟಿದ್ದವು. ಒಂದರ ಮುಚ್ಚಳ ತೆರೆದು, ಟೇಪು ಸುಕ್ಕಾಗಿ ಹೊರಗೆ ಬಂದಿತ್ತು. ಅಡಿಕೆ ಮಾತ್ರ ಚೆನ್ನಾಗಿ ಒಣಗಿತ್ತು. ಒಳ್ಳೆಯ ಬಣ್ಣ ಬಂದಿತ್ತು.

ಅಂಗಡಿಯವನು ಒಂದನ್ನು ಕೈಗೆತ್ತಿಕೊಂಡ. ಅದು ಯಾವ ಪಂದ್ಯ ಎಂದು ಗೊತ್ತಾಗುವ ಹಾಗಿರಲಿಲ್ಲ. ಚೀಟಿಯ ಅಂಟು ಬಿಟ್ಟಿತ್ತು.

"ಕಾಫಿ ಆಗಿದೆಯನಾ?" ಎಂದು ಕೇಳಿದ.

ಗೆಳೆಯನನ್ನು ಅವನು ಬೈಯಲಿಲ್ಲ. ಅವತ್ತೂ ಇಲ್ಲ, ಆಮೇಲೂ ಇಲ್ಲ. ಕಾಫಿ ಕುಡಿಯುವಾಗ ಮೇಗುಂದದವನ ಹೆಂಡತಿ, "ಎಂತ ಆಯ್ತು ಭಾವ, ಇಬ್ರೂ ಬಾಯಿಗೆ ಬೀಗ ಹಾಕ್ಕೊಂಡಿದ್ದೀರಿ?" ಎಂದಳು. ಉತ್ತರವಾಗಿ ನಾನೇ ಏನೋ ಮಳೆಯ ಮಾತು ಆಡಿದೆ.

ಆಮೇಲೆ ಆದದ್ದನ್ನು ನಾನು ನಿಧಾನವಾಗಿ ಅರ್ಥ ಮಾಡಿಕೊಂಡೆ. ಮೇಗುಂದದವನು ಅಂಗಡಿಗೆ ಬರುವುದನ್ನು ಬಿಡಲಿಲ್ಲ. ಮೊದಲಿಗಿಂತ ಹೆಚ್ಚೇ ಬಂದ. ಬರುವಾಗ ಬಾಳೆಗೊನೆ, ಜೇನುತುಪ್ಪ ಏನಾದರೂ ತರುತ್ತಿದ್ದ. ಶಿವಮೊಗ್ಗದಿಂದ ಸಿಡಿ ಪ್ಲೇಯರ್ ತಂದುಕೊಟ್ಟ. ಆದರೆ ವಾದ ಮಾಡುವುದನ್ನು ಬಿಟ್ಟ. ಅಂಗಡಿಯವನು ಹಳಬರ ಬಗ್ಗೆ ಏನು ಹೇಳಿದರೂ ಹೌದೆನ್ನುತ್ತಿದ್ದ.

"ದೋಟಿಯ ಹಾಗೆ ಆಡೋರು ಈಗ ಯಾರು ಇದ್ದಾರೆ?"

"ಯಾರೂ ಇಲ್ಲ."

"ಬುಲ್ಡೋಜರ್?"

"ಅವ ಬರೀ ತಳ್ಳೋದು. ನೀನು ಹೇಳಿದ್ದು ಸರಿ."

ಗೆದ್ದವನ ಮುಖ ಹೇಗಿರುತ್ತದೆ ಎಂದು ಪಂಚಾಯಿತಿ ಚುನಾವಣೆಗಳಲ್ಲಿ ನಾನು ಬೇಕಾದಷ್ಟು ನೋಡಿದ್ದೇನೆ. ಅಂಗಡಿಯವನ ಮುಖ ಹಾಗಿರಲಿಲ್ಲ.

ಜಗಳ ಮತ್ತೆ ಎಬ್ಬಿಸಲು ಅವನು ತನ್ನಿಂದಾದ ಪ್ರಯತ್ನ ಮಾಡಿದ. ತಂಡದ ಹುಡುಗರ ಎದುರು, ಮೇಗುಂದದವನು ನರಸಿಂಹರಾಜಪುರದ ಪಂದ್ಯದಲ್ಲಿ ತಮ್ಮದೇ ಬುಟ್ಟಿಗೆ ಚೆಂಡು ಹಾಕಿದ್ದ ಎಂದು ಸುಳ್ಳು ಹೇಳಿದ. ಮೊದಲಾಗಿದ್ದರೆ ಅದಕ್ಕೆ ಬಸ್ ನಿಲ್ದಾಣದವರೆಗೂ ಕೇಳುವ ಉತ್ತರ ಬರುತ್ತಿತ್ತು. ಮೇಗುಂದದವನು ನಕ್ಕು, "ಹಾಕಿದ್ದೆ" ಎಂದ. ಹುಡುಗರು ಅದನ್ನು ನಂಬಿಬಿಟ್ಟರು. ಅಂಗಡಿಯವನು ಎದ್ದು ಹೊರಗೆ ಹೋಗಿ ರಸ್ತೆ ನೋಡುತ್ತ ನಿಂತ. ಅವನ ಬಸ್ ಯಾವುದೂ ಇರಲಿಲ್ಲ.

ಇನ್ನೊಮ್ಮೆ ಅವನು ಪಕ್ಷವನ್ನೇ ಬದಲಿಸಿದ. ಜೂನ್ ತಿಂಗಳ ಒಂದು ಬೆಳಿಗ್ಗೆ ಟಿವಿಯಲ್ಲಿ ಹೊಸಬರ ಫೈನಲ್ ಬರುತ್ತಿತ್ತು, ಅಪರೂಪಕ್ಕೆ ಕರೆಂಟೂ ಇತ್ತು. ಹೊಸ ಹುಡುಗನೊಬ್ಬ ಓಡಿಬಂದು ಹಾರಿ ಗೊನೆ ಇಳಿಸಿದ. "ಇದು ಆಟ. ಕೊನೆಗಾರನಿಗೆ ಇದು ಆಗ್ತಿರಲಿಲ್ಲ" ಎಂದ ಅಂಗಡಿಯವನು, ಪರದೆಯಿಂದ ಕಣ್ಣು ತೆಗೆಯದೆ. ಆ ಮಾತು ಹೇಳಲು ಅವನಿಗೆ ಎಷ್ಟು ಕಷ್ಟವಾಯಿತೆಂದು ಪಕ್ಕದಲ್ಲಿದ್ದ ನನಗೆ ಗೊತ್ತು. ಮೇಗುಂದದವನು ತಲೆಯಾಡಿಸಿ, "ಹೌದು, ಇವನೂ ಅಡ್ಡಿಲ್ಲ" ಎಂದ.

ಸುಟ್ಟ ಕ್ಯಾಸೆಟ್‌ಗಳಿಗಾಗಿ ಮೇಗುಂದದವನು ಮರುಗುತ್ತಿದ್ದ, ಅದರಲ್ಲಿ ಅನುಮಾನವಿಲ್ಲ. ತನ್ನಿಂದ ಹಾಳಾದದ್ದನ್ನು ತನ್ನ ಮಾತಿನಿಂದ ತುಂಬಿಕೊಡಲು ನೋಡುತ್ತಿದ್ದ. ಗೆಳೆಯನನ್ನು ಇನ್ನು ಯಾವುದರಲ್ಲೂ ಸೋಲಿಸಬಾರದು ಎಂದು ತೀರ್ಮಾನಿಸಿದ ಹಾಗಿತ್ತು. ಸೋಲಿಸಲು ಬರುವವನಿಗಾಗಿಯೇ ಆ ಅಂಗಡಿಯ ಬಾಗಿಲು ತೆರೆಯುತ್ತಿತ್ತು ಎಂದು ಅವನಿಗೆ ಯಾರೂ ಹೇಳಲಿಲ್ಲ. ಹೇಳಿದ್ದರೆ ಅವನು ಜಗಳವನ್ನೂ ಒಂದು ಉಪಕಾರದ ಹಾಗೆ ಆಡುತ್ತಿದ್ದ. ಅಂಗಡಿಯವನಿಗೆ ಅದು ಬೇಕಾಗಿರಲಿಲ್ಲ.

ದಶಕದ ಕೊನೆಯ ಹೊತ್ತಿಗೆ ಅಂಗಡಿಯಲ್ಲಿ ಜೆರಾಕ್ಸ್ ಮೆಷಿನ್ ಬಂತು, ಮೊಬೈಲ್ ರೀಚಾರ್ಜ್ ಬಂತು. ಸ್ಟೂಲು ತೆಗೆದು ಅಲ್ಲಿ ಕೌಂಟರ್ ಹಾಕಿದರು. ನನ್ನ ಸುದ್ದಿ ಈಗ ಬಸ್ಸಿನಲ್ಲಿ ಹೋಗುತ್ತಿರಲಿಲ್ಲ, ಪಕ್ಕದ ಇಂಟರ್‌ನೆಟ್ ಸೆಂಟರಿನಿಂದ ಹೋಗುತ್ತಿತ್ತು. ಹಳೆಯ ಪಂದ್ಯಗಳೆಲ್ಲ ಈಗ ಕಂಪ್ಯೂಟರಿನಲ್ಲಿ ಸಿಗುತ್ತವೆ ಎಂದು ಆ ಸೆಂಟರಿನವನು ಹೇಳಿದ. ನಾನು ಹುಡುಕಿಸಿದೆ. ಕೊನೆಗಾರನ ಆ ಕೊನೆಯ ಎಸೆತ ಇತ್ತು. ಬೇರೆ ಬೇರೆ ಕಡೆಯಿಂದ ತೆಗೆದದ್ದು, ನಿಧಾನಗತಿಯಲ್ಲಿ ತೋರಿಸುವುದೂ ಇತ್ತು. ಒತ್ತಿದರೆ ಆಯಿತು. ನಾನು ಒತ್ತಲಿಲ್ಲ. ಮೊದಲು ನೋಡಬೇಕಾದವರು ಅವರಿಬ್ಬರು.

ಆ ದಿನ ಮೇಗುಂದದವನೂ ಕೊಪ್ಪಕ್ಕೆ ಬಂದಿದ್ದ. ಕೌಂಟರಿನ ಈಚೆ ನಿಂತು ವಿಷಯ ಹೇಳಿದೆ. ಬಿಳಿ ಪಟ್ಟಿ ಇಲ್ಲ, ವೋಲ್ಟೇಜ್ ತೊಂದರೆ ಇಲ್ಲ, ಪಕ್ಕದ ಅಂಗಡಿಗೆ ಬಂದರೆ ತೀರ್ಮಾನವಾಗುತ್ತದೆ ಎಂದೆ.

ಅಂಗಡಿಯವನು ಜೆರಾಕ್ಸ್ ಕಾಗದ ಜೋಡಿಸುತ್ತಿದ್ದ ಕೈ ನಿಲ್ಲಿಸಿದ. ಆಮೇಲೆ ಗೆಳೆಯನ ಕಡೆ ನೋಡಿದ.

"ಅದು ಬೋರ್ಡಿಗೆ ತಾಗಿತ್ತು" ಎಂದ.

ಮೇಗುಂದದವನು ಬೆಚ್ಚಿದ ಹಾಗೆ ತಲೆಯೆತ್ತಿದ. ಅದು ಅವನದೇ ಮಾತು, ವರ್ಷಗಟ್ಟಲೆ ಅವನು ಹೇಳಿದ್ದ ಮಾತು.

"ಇಲ್ಲ ಮಾರಾಯ. ನೀನು ಹೇಳ್ತಿದ್ದದ್ದೇ ಸರಿ. ತಾಗಲಿಲ್ಲ."

"ತಾಗಿತ್ತು ಅಂತೀನಿ."

"ತಾಗಲಿಲ್ಲ. ನೇರ ಬಿದ್ದದ್ದು."

"ಆ ಮೂಲೆಯಿಂದ ತಾಗದೆ ಬೀಳ್ತದನಾ? ನಿಂಗೆ ಆಟ ಗೊತ್ತುಂಟನಾ? ಬೆಂಚಲ್ಲಿ ಕೂತು ಅವಲಕ್ಕಿ ತಿಂದವ ನೀನು!"

ಅಂಗಡಿಯವನ ದನಿ ಏರಿತ್ತು. ರೀಚಾರ್ಜಿಗೆ ಬಂದಿದ್ದವರು ತಿರುಗಿ ನೋಡಿದರು. ಹಳೆಯ ದಿನಗಳಂತೆ ಅವನು ಕೌಂಟರಿನ ಮೇಲೆ ಎರಡೂ ಕೈ ಊರಿ ಮುಂದೆ ಬಾಗಿದ್ದ. ಅವಲಕ್ಕಿ ತಂದವ ಯಾರು ಎಂಬ ಉತ್ತರ ಬರಬೇಕಾದ ಜಾಗ ಅದು. ನನಗೆ ಗೊತ್ತಿತ್ತು, ಅವನಿಗೆ ಗೊತ್ತಿತ್ತು. ಮೇಗುಂದದವನಿಗೂ ಗೊತ್ತಿತ್ತು ಎಂದೇ ಈಗಲೂ ನಂಬಿದ್ದೇನೆ. ಅವನ ತುಟಿ ಅಲ್ಲಾಡಿತು.

"ಸರಿ ಮಾರಾಯ" ಎಂದ. "ತಾಗಿತ್ತು."

ಅಂಗಡಿಯವನು ಕೈ ತೆಗೆದ. ಕಾಯುತ್ತಿದ್ದವರ ಕಡೆ ತಿರುಗಿ, ಯಾವ ನಂಬರಿಗೆ ಎಂದು ಕೇಳಿದ.

ಇಂಟರ್‌ನೆಟ್ ಸೆಂಟರಿಗೆ ಯಾರೂ ಬರಲಿಲ್ಲ. ಒಂದು ವಿಷಯದ ಎರಡೂ ಕಡೆ ಕೇಳಿ, ಖಚಿತಪಡಿಸಿಕೊಂಡು ಬರೆಯುವುದು ನನ್ನ ಕಸುಬು. ಆ ಎಸೆತವನ್ನು ಮಾತ್ರ ನಾನು ಇಂದಿಗೂ ನೋಡಿಲ್ಲ.